ಇಂಗ್ಲಿಷ್‌ನ ‘ಗೆಟ್’ ಕ್ರಿಯಾಪದವನ್ನು ಯಾವ ಯಾವ ಅರ್ಥದಲ್ಲಿ ಬಳಸುತ್ತಾರೆ?

ಮೂಲ ಅರ್ಥ ‘ಸಿಗು, ಪಡೆ’. ‘ಐ ಗಾಟ್ ಎ ಲೆಟರ್’ ಅಂದ್ರೆ ನನಗೆ ಕಾಗದ ಬಂತು. ಇದು ಎಲ್ಲರಿಗೂ ಗೊತ್ತಿರೋದೇ.

ಮುಂದೆ ಗುಣವಾಚಕ ಬಂದರೆ ‘ಆಗು’ ಎಂಬ ಅರ್ಥ. ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಕತ್ತಲಾಗ್ತಾ ಇದೆ. ಊರಿನ ಹೆಸರು ಬಂದರೆ ‘ತಲುಪು’: ‘ವಿ ಗಾಟ್ ಟು ಮೈಸೂರು ಅಟ್ ಟೆನ್’. ಆದರೆ ‘ಗೆಟ್ ಹೋಮ್’ ಅನ್ನುವಾಗ ನಡುವೆ ‘ಟು’ ಬೇಡ. ‘ಐ ಡೋಂಟ್ ಗೆಟ್ ಇಟ್’ ಅಂದ್ರೆ ನನಗೆ ಅರ್ಥ ಆಗ್ತಿಲ್ಲ.

ನಮ್ಮವರು ಜಾಸ್ತಿ ಎಡವೋದು ‘ಮಾಡಿಸು’ ಅನ್ನೋ ಅರ್ಥದಲ್ಲಿ. ಕಟಿಂಗ್ ಶಾಪ್‌ಗೆ ಹೋಗಿ ಬಂದು ‘ಐ ಕಟ್ ಮೈ ಹೇರ್’ ಅಂತಾರೆ. ಕೇಳಿದವರಿಗೆ ನೀವೇ ಕತ್ತರಿ ಹಿಡಿದ ಹಾಗೆ ಅನ್ನಿಸಬಹುದು. ‘ಐ ಗಾಟ್ ಮೈ ಹೇರ್ ಕಟ್’ ಅನ್ನಿ. ಕನ್ನಡದಲ್ಲಿ ‘ಮಾಡಿಸಿದೆ, ಹೊಲಿಸಿದೆ, ಕಟ್ಟಿಸಿದೆ’ ಅಂತ ಸಲೀಸಾಗಿ ಹೇಳ್ತೀವಿ ಅಲ್ವಾ, ಅದೇ ಕೆಲಸವನ್ನು ಇಲ್ಲಿ ‘ಗೆಟ್’ ಮಾಡುತ್ತದೆ. ಕ್ರಮ ಮಾತ್ರ ನೆನಪಿರಲಿ: ಮೊದಲು ವಸ್ತು, ಆಮೇಲೆ ಕ್ರಿಯಾಪದದ ಮೂರನೇ ರೂಪ. ‘ಐ ಗಾಟ್ ದ ಬ್ಲೌಸ್ ಸ್ಟಿಚ್ಡ್.’ ಕೆಲಸ ಮಾಡಿದವರನ್ನೂ ಹೇಳಬೇಕಾದರೆ ‘ಟು’ ಸೇರಿಸಬೇಕು: ‘ಐ ಗಾಟ್ ಹಿಮ್ ಟು ರಿಪೇರ್ ದ ಫ್ಯಾನ್’. ಅದೇ ‘ಹ್ಯಾಡ್’ ಬಳಸಿದರೆ ಆ ‘ಟು’ ಬರುವುದಿಲ್ಲ: ‘ಐ ಹ್ಯಾಡ್ ಹಿಮ್ ರಿಪೇರ್ ದ ಫ್ಯಾನ್’.

ಇನ್ನು ‘ಗೆಟ್’ನ ಮೂರನೇ ರೂಪವಾಗಿ ‘ಗಾಟ್’ ಬದಲು ‘ಗಾಟನ್’ ಎಂಬುದು ಅಮೆರಿಕದಲ್ಲಿ ಜಾಸ್ತಿ ಕೇಳುತ್ತದೆ, ತಪ್ಪಲ್ಲ. ಆದರೆ ‘ನನ್ನ ಹತ್ತಿರ ಇದೆ’ ಎನ್ನಲು ಅಲ್ಲಿಯವರೂ ‘ಐ ಹ್ಯಾವ್ ಗಾಟ್’ ಅಂತಲೇ ಹೇಳುತ್ತಾರೆ.