ಉಜ್ಜಿದ ಮೈ ಯಾವ ಕಡೆಗಿರಬೇಕು?

ಮಾನ್ಯರೇ,

4×5 ಇಂಚಿನ ಫಿಲ್ಮ್ ಬಳಸುವ ಹಳೆಯ ಕ್ಯಾಮೆರಾದ ಒಡೆದ ಗ್ರೌಂಡ್ ಗ್ಲಾಸಿಗೆ (ಫೋಕಸ್ ಮಾಡುವಾಗ ಚಿತ್ರ ಮೂಡುವ, ಒಂದು ಮೈ ಉಜ್ಜಿದ ಹಿಂಬದಿಯ ಗಾಜಿಗೆ) ಬದಲಾಗಿ ಹೊಸದೊಂದನ್ನು ಮನೆಯಲ್ಲಿಯೇ ಉಜ್ಜಿ ಮಾಡಿಕೊಂಡ ಬಗೆಯನ್ನು ತಿಳಿಸುವ ನಿಮ್ಮ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ಕೆಲಸಕ್ಕೆ ಮೊದಲು ಗಾಜಿನ ಅಂಚುಗಳ ಚೂಪನ್ನು ಒದ್ದೆ ಸಾಣೆಕಲ್ಲಿನಿಂದ ತೆಗೆದದ್ದನ್ನು ಮರೆಯದೆ ಬರೆದಿದ್ದೀರಿ. ಆದರೆ ಎರಡು ವಾಕ್ಯಗಳು ನನ್ನನ್ನು ಕೆಣಕಿವೆ. ಅವುಗಳ ಬಗ್ಗೆಯಷ್ಟೇ ಬರೆಯುತ್ತೇನೆ.

ಮೊದಲನೆಯದು: “ಗಾಜು ಮಂಜಾಗುವವರೆಗೆ ಪ್ರೀತಿಯಿಂದ ಉಜ್ಜಿದೆ.” 220ರ ಸಿಲಿಕಾನ್ ಕಾರ್ಬೈಡ್ ಉಜ್ಜುಪುಡಿಯನ್ನು (ಸಂಖ್ಯೆ ಹೆಚ್ಚಿದಷ್ಟೂ ಪುಡಿ ನಯ) ನೀರಿನಲ್ಲಿ ಕಲಸಿ, ಇನ್ನೊಂದು ಗಾಜಿನ ತುಂಡಿನಿಂದ ಸುತ್ತಿ ಸುತ್ತಿ ಉಜ್ಜಿದರೆ ಕೆಲವೇ ನಿಮಿಷಗಳಲ್ಲಿ ಯಾವ ಗಾಜಾದರೂ ಮಂಜಾಗುತ್ತದೆ, ಕೆಲಸ ಆರಂಭವಾಗುವುದೇ ಅಲ್ಲಿಂದ. ಮೂಲೆಗಳಲ್ಲಿ ಹೊಳಪು ಉಳಿದಿತ್ತೇ? 400ಕ್ಕೆ, ಅಲ್ಲಿಂದ 600ಕ್ಕೆ ಯಾವಾಗ ಹೋದಿರಿ? ನಡುವೆ ಗಾಜನ್ನೂ ಕೈಯನ್ನೂ ಮೇಜನ್ನೂ ತೊಳೆದಿರೇ? ದಪ್ಪ ಪುಡಿಯ ಒಂದು ಕಣ ಉಳಿದರೂ ನಯವಾದ ಮೈಯ ಮೇಲೆ ಗೀರು ಬೀಳುತ್ತದೆ. ನಾನು ಕೆಲಸ ಕಲಿತ ಸ್ಟುಡಿಯೋದ ಯಜಮಾನರು ನನ್ನ ಕೈಯನ್ನು ನೋಡುತ್ತಿರಲಿಲ್ಲ, ಸದ್ದನ್ನು ಕೇಳುತ್ತಿದ್ದರು. ಹೊಸ ಪುಡಿ ಕರಕರ ಎನ್ನುತ್ತದೆ, ಕಣಗಳು ಒಡೆದು ಸಣ್ಣದಾದಂತೆ ಸದ್ದು ಇಳಿಯುತ್ತದೆ. ಅದು ಇಳಿದೊಡನೆ ಒಳಕೋಣೆಯಿಂದಲೇ “ಪುಡಿ ಹಾಕು” ಎಂದು ಕೂಗುತ್ತಿದ್ದರು. ಪುಡಿ ಬದಲಿಸುವ ಮುನ್ನ ಗಾಜನ್ನು ಒರೆಸಿ, ಓರೆ ಬೆಳಕಿಗೆ ಹಿಡಿದು, ಹಿಂದಿನ ಪುಡಿಯ ಕುಳಿಗಳು ಉಳಿದಿವೆಯೇ ಎಂದು ಭೂತಗನ್ನಡಿಯಲ್ಲಿ ಹುಡುಕಿಸುತ್ತಿದ್ದರು. ನಿಮ್ಮ “ಪ್ರೀತಿಯಿಂದ” ಎಂಬ ಪದ ಕುಳಿತಿರುವ ಜಾಗದಲ್ಲಿ ಓದುಗನಿಗೆ ಬೇಕಾದದ್ದು ಈ ವಿವರ. ನಯ ಹೆಚ್ಚಿದಷ್ಟೂ ಒಳ್ಳೆಯದು ಎಂದು ಅವನು ಭಾವಿಸುವಂತೆಯೂ ಮಾಡಬೇಡಿ: ತೀರಾ ನಯವಾದರೆ ಬೆಳಕು ಸಾಕಷ್ಟು ಚದುರದೆ ನಡುಭಾಗ ಮಾತ್ರ ಬೆಳಗಿ ಮೂಲೆಗಳು ಕತ್ತಲಾಗುತ್ತವೆ.

ಎರಡನೆಯದು ಇನ್ನೂ ಗಂಭೀರ: “ಉಜ್ಜಿದ ಮೈಯನ್ನು ನನ್ನ ಕಡೆಗೆ ತಿರುಗಿಸಿ ಚೌಕಟ್ಟಿನಲ್ಲಿ ಕೂರಿಸಿದೆ, ಚಿತ್ರ ಸ್ಪಷ್ಟವಾಗಿ ಕಂಡಿತು.” ಗಾಜಿನ ಮೇಲೆ ಸ್ಪಷ್ಟವಾಗಿ ಕಂಡಿರಬಹುದು, ಫಿಲ್ಮಿನ ಮೇಲೆ ಮೂಡಿರಲಾರದು. ಫೋಕಸ್ ಆದ ಮೇಲೆ ಗಾಜಿನ ಜಾಗಕ್ಕೆ ಬರುವ ಫಿಲ್ಮ್ ಹೋಲ್ಡರಿನಲ್ಲಿ ಫಿಲ್ಮ್ ಇರುವ ಆಳಕ್ಕೂ ಉಜ್ಜಿದ ಮೈ ಇರುವ ಆಳಕ್ಕೂ ವ್ಯತ್ಯಾಸವಿರಬಾರದು. 4×5 ಹೋಲ್ಡರಿಗೆ ಆ ಆಳ 0.197 ಇಂಚು, ಅಂದರೆ ಸುಮಾರು 5 ಮಿ.ಮೀ. ಆದ್ದರಿಂದಲೇ ಉಜ್ಜಿದ ಮೈ ಲೆನ್ಸಿನ ಕಡೆಗಿರಬೇಕು. ನಿಮ್ಮ 2 ಮಿ.ಮೀ. ಗಾಜನ್ನು ತಿರುಗಿಸಿ ಕೂರಿಸಿದರೆ, ಗಾಜಿನ ವಕ್ರೀಭವನವನ್ನು ಕಳೆದ ಮೇಲೂ ಫೋಕಸ್ ಸುಮಾರು 1.3 ಮಿ.ಮೀ. ತಪ್ಪುತ್ತದೆ. ಲೆನ್ಸಿನ ಕಿಂಡಿ ಅಗಲವಾಗಿರುವ ಎಫ್/5.6ರಲ್ಲಿ ಒಂದು ಚುಕ್ಕೆ ಫಿಲ್ಮಿನ ಮೇಲೆ ಕಾಲು ಮಿಲಿಮೀಟರಿನಷ್ಟು ಅಗಲವಾಗಿ ಹರಡುತ್ತದೆ. ಈ ಅಳತೆಯ ಫಿಲ್ಮಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ ಅದರ ಅರ್ಧಕ್ಕಿಂತಲೂ ಕಡಿಮೆ. ಕಿಂಡಿಯನ್ನು ಎಫ್/32ಕ್ಕೆ ಕಿರಿದಾಗಿಸಿದಾಗ ಈ ದೋಷ ಮುಚ್ಚಿಹೋಗುತ್ತದೆ, ಹೀಗಾಗಿ ನಿಮಗೆ ತಿಳಿಯದೇ ಇದ್ದಿರಬಹುದು. ಆದರೆ ನಿಮ್ಮನ್ನು ನಂಬಿ ಲೆನ್ಸನ್ನು ಪೂರ್ತಿ ತೆರೆದು ಮುಖಚಿತ್ರ ತೆಗೆಯುವವನ ಫಿಲ್ಮ್ ಹಾಳಾಗುತ್ತದೆ.

ಈ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ. ಗಾಜನ್ನು ಸರಿಯಾಗಿ ತಿರುಗಿಸಿ ಕೂರಿಸಿ, ಓರೆಯಾಗಿಟ್ಟ ಅಳತೆಪಟ್ಟಿಯೊಂದರ ಮಧ್ಯದ ಗೆರೆಗೆ ಫೋಕಸ್ ಮಾಡಿ, ಲೆನ್ಸ್ ಪೂರ್ತಿ ತೆರೆದು ಒಂದು ಚಿತ್ರ ತೆಗೆಯಿರಿ. ಫಿಲ್ಮಿನಲ್ಲಿ ಯಾವ ಗೆರೆ ಅತಿ ಸ್ಪಷ್ಟವಾಗಿದೆಯೆಂದು ನೋಡಿ, ಆ ಚಿತ್ರವನ್ನೂ ಪುಡಿಗಳ ಸಂಖ್ಯೆಗಳನ್ನೂ ಸೇರಿಸಿ ಮತ್ತೆ ಕಳುಹಿಸಿ.

ಇಂತು,
ಸಂಪಾದಕ