ಪಕ್ಕದ ಮನೆ ತಾತನ ಕೃತಕ ಕಾಲಿನ ಬಗ್ಗೆ ಮಗಳು ಕೇಳುತ್ತಲೇ ಇರುತ್ತಾಳೆ. ಏನು ಹೇಳಲಿ?

ಮಂಡ್ಯದಿಂದ ಕೇಳಿದ್ದೀರಿ. ಪಕ್ಕದ ಮನೆ ತಾತನಿಗೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದು ಕೃತಕ ಕಾಲು ಹಾಕಿದ್ದಾರೆ, ನಾಲ್ಕನೇ ಕ್ಲಾಸಿನ ಮಗಳು ಅದನ್ನೇ ನೋಡುತ್ತಾಳೆ, ಸುಮ್ನಿರಿಸಬೇಕಾ, ಇಲ್ಲ ಇದೇ ನೆಪದಲ್ಲಿ ವೈದ್ಯಕೀಯ ಕೆಲಸಗಳ ಬಗ್ಗೆ ಹೇಳಿಕೊಡಬಹುದಾ ಅಂತ.

ದಯವಿಟ್ಟು ಸುಮ್ನಿರಿಸಬೇಡಿ. ನಾನು ಮೈಸೂರಿನಲ್ಲಿ ಕೃತಕ ಕಾಲಿಗೆ ಅಳತೆ ತೆಗೆದು ಕೂರಿಸುವ ಕೆಲಸ ಮಾಡುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಜನ ಹೇಳುವುದು ಒಂದೇ: ಮಕ್ಕಳು ಕೇಳಿದರೆ ಬೇಜಾರಿಲ್ಲ, ದೊಡ್ಡವರು ಮುಖ ತಿರುಗಿಸಿಕೊಂಡು ಹೋದಾಗ ನೋವಾಗುತ್ತದೆ. ಮೊದಲು ನೀವೇ ಹೋಗಿ ತಾತನನ್ನು ಕೇಳಿ. ಅವರು ಒಪ್ಪಿದರೆ ಮಗಳನ್ನು ಜೊತೆಗೆ ಕೂರಿಸಿ. ಉಳಿದ ಕಾಲಿಗೆ ಹಾಕುವ ಕಾಲುಚೀಲದ ಬಗ್ಗೆ ಕೇಳಲಿ. ಬೆಳಿಗ್ಗೆ ಒಂದು ಹಾಕಿದವರು ಸಂಜೆ ಹೊತ್ತಿಗೆ ಇನ್ನೊಂದು ಸೇರಿಸಿಕೊಳ್ಳುವುದುಂಟು. ಓಡಾಡುತ್ತಾ ಓಡಾಡುತ್ತಾ ಉಳಿದ ಕಾಲಿನ ಗಾತ್ರ ಸ್ವಲ್ಪ ಇಳಿಯುತ್ತದೆ, ಅದು ಕೂರುವ ಬಟ್ಟಲು, ಅಂದರೆ ಸಾಕೆಟ್, ಸಡಿಲವಾಗುತ್ತದೆ, ಅದಕ್ಕೆ. ಇಂಥದ್ದು ಮಗುವಿಗೆ ತಕ್ಷಣ ಅರ್ಥವಾಗುತ್ತದೆ. 'ಪಾಪ' ಅನ್ನುವ ಮಾತು ಮಾತ್ರ ಬೇಡ.

ಆಮೇಲೆ ನಿಮ್ಮ ಮನೆಯಲ್ಲೇ ಹುಡುಕಲು ಹೇಳಿ. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದ್ದರೆ ಅವರ ಕಣ್ಣೊಳಗೆ ಒಂದು ಕೃತಕ ಲೆನ್ಸ್ ಇರುತ್ತದೆ. ಅದರ ಕಥೆಯನ್ನು ನಾನು ಯಾವ ಮಗು ಸಿಕ್ಕರೂ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಕೆಲವು ಪೈಲಟ್‌ಗಳ ಕಣ್ಣಿಗೆ ವಿಮಾನದ ಪ್ಲಾಸ್ಟಿಕ್ ಗಾಜಿನ ಚೂರು ಹೊಕ್ಕಿತ್ತು. ಚೂರು ಒಳಗೇ ಉಳಿದರೂ ಕಣ್ಣು ಕೆಂಪೇರಲಿಲ್ಲ, ಊದಲಿಲ್ಲ. ಇದನ್ನು ಗಮನಿಸಿದವರು ಹೆರಾಲ್ಡ್ ರಿಡ್ಲಿ ಅನ್ನುವ ಇಂಗ್ಲೆಂಡಿನ ಕಣ್ಣಿನ ಡಾಕ್ಟರ್. ಅದೇ ಬಗೆಯ ಪ್ಲಾಸ್ಟಿಕ್‌ನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಲಂಡನ್ನಿನಲ್ಲಿ ರೋಗಿಯ ಕಣ್ಣೊಳಗೆ ಇಟ್ಟರು. ಇಷ್ಟು ಕೇಳಿದ ಮಗು ಅಜ್ಜಿಯ ಕಣ್ಣನ್ನು ಟಾರ್ಚ್ ಹಿಡಿದು ನೋಡಲು ಓಡದಿದ್ದರೆ ಹೇಳಿ! (ಟಾರ್ಚ್ ಬೇಡ ಅಂತ ಮೊದಲೇ ಹೇಳಿಬಿಡಿ.)

ಈಗ ಕಾಲು ಹೇಗೆ ಮಾಡುತ್ತಾರೆ ಅನ್ನುವುದು. ಜನರ ಕಣ್ಣು ಪಾದದ ಮೇಲಿರುತ್ತದೆ, ನಮ್ಮ ಕೆಲಸದ ಜೀವ ಇರುವುದು ಸಾಕೆಟ್‌ನಲ್ಲಿ, ಅಂದರೆ ಉಳಿದ ಕಾಲು ಒಳಗೆ ಕೂರುವ ಬಟ್ಟಲಿನಲ್ಲಿ. ಕಾಲಿಗೆ ತೆಳ್ಳನೆಯ ಬಟ್ಟೆ ಹಾಕಿ, ಮೂಳೆ ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಿ ಅಳಿಸದ ಪೆನ್ಸಿಲ್‌ನಿಂದ ಗುರುತು ಮಾಡುತ್ತೇವೆ. ಅದರ ಮೇಲೆ ಒದ್ದೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿ, ಗಟ್ಟಿಯಾಗುವವರೆಗೂ ಮಂಡಿಚಿಪ್ಪಿನ ಕೆಳಗೆ ಎರಡೂ ಹೆಬ್ಬೆರಳು ಒತ್ತಿ ಹಿಡಿಯುತ್ತೇವೆ. ಆ ಜಾಗ ಭಾರ ತಡೆಯುತ್ತದೆ. ಬಿಚ್ಚಿ ನೋಡಿದರೆ ಪೆನ್ಸಿಲ್ ಗುರುತುಗಳೆಲ್ಲ ಅಚ್ಚಿನ ಒಳಗೆ ಮೂಡಿರುತ್ತವೆ. ಅದಕ್ಕೆ ಪ್ಲಾಸ್ಟರ್ ಸುರಿದರೆ ಕಾಲಿನದೇ ಪ್ರತಿರೂಪ ಸಿಗುತ್ತದೆ. ಭಾರ ಹೊರಬೇಕಾದ ಕಡೆ ಅದನ್ನು ಹೆರೆಯುತ್ತೇವೆ, ಮೂಳೆ ಇರುವ ಕಡೆ ಇನ್ನಷ್ಟು ಪ್ಲಾಸ್ಟರ್ ಮೆತ್ತುತ್ತೇವೆ. ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದರೆ ಸಾಕೆಟ್. ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಚರ್ಮ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಆ ಹುಣ್ಣು ಗೊತ್ತೇ ಆಗದಿರಬಹುದು, ಅದೇ ಅಪಾಯ.

ಮನೆಯಲ್ಲೂ ಮಾಡಿ ನೋಡಬಹುದು. ಮೆಡಿಕಲ್ ಸ್ಟೋರಿನಿಂದ ಪ್ಲಾಸ್ಟರ್ ಬ್ಯಾಂಡೇಜ್ ತನ್ನಿ. ಮಗಳ ಬೆರಳಿಗೆ ವ್ಯಾಸಲೀನ್ ಹಚ್ಚಿ, ಎರಡೇ ಪದರ ಸುತ್ತಿ, ಗಟ್ಟಿಯಾಗುತ್ತಲೇ ಜಾರಿಸಿ ತೆಗೆಯಿರಿ. ಒಳಗೆ ಚರ್ಮದ ಗೆರೆ ಕೂಡ ಕಾಣುತ್ತದೆ. ಬಕೆಟ್‌ನಲ್ಲಿ ಪ್ಲಾಸ್ಟರ್ ಕಲಸಿ ಕೈ ಮುಳುಗಿಸುವುದು ಮಾತ್ರ ಖಂಡಿತ ಬೇಡ. ಗಟ್ಟಿಯಾಗುವಾಗ ಅದು ಸುಡುವಷ್ಟು ಬಿಸಿಯಾಗುತ್ತದೆ.

ಜೈಪುರ ಕಾಲಿನ ಕಥೆಯನ್ನೂ ಹೇಳಿ. 1960ರ ದಶಕದ ಕೊನೆಯಲ್ಲಿ ಜೈಪುರದ ಮೂಳೆ ಡಾಕ್ಟರ್ ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಮಾಡಿದ ರಬ್ಬರ್ ಪಾದ ಅದು. ಆಗಿನ ವಿದೇಶಿ ಪಾದಗಳಿಗೆ ಶೂ ಬೇಕಿತ್ತು, ಕುಕ್ಕರುಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಇದನ್ನು ಹಾಕಿಕೊಂಡು ಬರಿಗಾಲಲ್ಲಿ ನಡೆಯಬಹುದು, ನೆಲದ ಮೇಲೆ ಕೂರಬಹುದು, ನೀರು ನಿಂತ ಭತ್ತದ ಗದ್ದೆಗೆ ಇಳಿಯಬಹುದು. ಮಂಡ್ಯದ ಮಗುವಿಗೆ ಇದು ಎಂಥ ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಡಾಕ್ಟರ್ ಒಬ್ಬರಿಂದಲೇ ಆಗಿದ್ದಲ್ಲ, ಕೈ ಕಸುಬು ಬಲ್ಲವರೂ ಬೇಕಾಯಿತು. ನಾನು ಇದನ್ನು ಒತ್ತಿ ಹೇಳುವುದು ಯಾಕೆಂದರೆ, ನಮ್ಮ ಕಡೆ ವೈದ್ಯಕೀಯ ಅಂದರೆ ಎಂಬಿಬಿಎಸ್ ಒಂದೇ ಅಂದುಕೊಳ್ಳುತ್ತಾರೆ. ಸೀಟು ಸಿಗದ ಮಕ್ಕಳು ಎಲ್ಲ ಮುಗಿದೇ ಹೋಯಿತು ಅಂತ ಕೂರುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೊಬೈಲಿನಲ್ಲಿ ರೋಬೋಟ್ ಕೈಗಳ ವಿಡಿಯೋ ತೋರಿಸಿ, ತಪ್ಪಿಲ್ಲ. ಆದರೆ ಅದು ಎಲ್ಲರ ಕೈಗೆಟುಕುವಂಥದ್ದಲ್ಲ ಅನ್ನುವುದನ್ನೂ ಹೇಳಿ.

ನಾಲ್ಕನೇ ಕ್ಲಾಸಿಗೆ ಕೋರ್ಸುಗಳ ಹೆಸರು ಬೇಡ. ಹೈಸ್ಕೂಲಿಗೆ ಬಂದ ಮೇಲೂ ಇದೇ ಆಸಕ್ತಿ ಇದ್ದರೆ, ಪಿಯುಸಿ ಸೈನ್ಸ್ ಆದಮೇಲೆ ನಮ್ಮ ಕೆಲಸಕ್ಕೆ ಪ್ರಾಸ್ಥೆಟಿಕ್ಸ್ ಅಂಡ್ ಆರ್ಥೋಟಿಕ್ಸ್ ಅನ್ನುವ ಪದವಿ ಇದೆ. ಫಿಸಿಯೋಥೆರಪಿ ಇದೆ, ಬಯೋಮೆಡಿಕಲ್ ಎಂಜಿನಿಯರಿಂಗ್ ಇದೆ. ಕಿವಿ ಮೆಷಿನ್, ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸದವರಿಗೆ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಕಡೆ ಮನಸ್ಸಿದ್ದರೆ ದೇಶದ ಮೂಲೆಮೂಲೆಯಿಂದ ಮಕ್ಕಳು ಓದಲು ಬರುವ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ, ನಿಮ್ಮೂರಿಂದ ರೈಲಿನಲ್ಲಿ ಒಂದು ಗಂಟೆ ದಾರಿ.