ಆ ನೀರಿನ ತಂಬಿಗೆಗೇ ಎರಡು ಪುಟ ಕೊಡಿ

ನಮಸ್ಕಾರ ಅಕ್ಕಾರೆ,

ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹನ್ನೊಂದು ಪುಟ. ಕೂಸು ಹೊಟ್ಟೆಯಲ್ಲಿದ್ದಾಗಲೇ ಆ ಮನೆಯಲ್ಲಿ ಅದಕ್ಕೆ ಏನು ತೊಂದರೆ ಕಾದಿದೆ ಅಂತ ನೋಡಬೇಕು, ಹೆರಿಗೆಗೆ ಮೊದಲೇ ಏರ್ಪಾಡು ಮಾಡಬೇಕು ಅನ್ನೋದು ನಿಮ್ಮ ಮಾತು. ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ ಇಷ್ಟು ವರ್ಷ ಅಂಗನವಾಡಿ ನಡೆಸಿದವರು ಹೇಳಿದರೆ ಕೇಳಲೇಬೇಕು. ಆದರೆ ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ.

ಮೊದಲ ಐದು ಪುಟ ನಿಮ್ಮವಲ್ಲ. ತರಬೇತಿಯಲ್ಲಿ ಹಂಚಿದ ಹಾಳೆಗಳ ವಾಸನೆ ಬರುತ್ತದೆ. "ಅಪಾಯ ಸೂಚಕಗಳ ಸಮಗ್ರ ಮೌಲ್ಯಮಾಪನ" ಅನ್ನೋ ಮಾತನ್ನು ನೀವು ಯಾವತ್ತಾದರೂ ಬಾಯಿಬಿಟ್ಟು ಆಡಿದ್ದೀರಾ? ಇಂಗ್ಲೆಂಡಿನ ವಿಷಯದಲ್ಲಿ ಒಂದು ತಪ್ಪೂ ಆಗಿದೆ. ಅಲ್ಲಿ ಹುಟ್ಟುವ ಮೊದಲೇ ಕೋರ್ಟು ಕೂಸನ್ನು ಸರ್ಕಾರದ ವಶಕ್ಕೆ ಕೊಡುತ್ತದೆ ಎಂದಿದ್ದೀರಿ. ಇಲ್ಲ. 1989ರ ಅವರ ಮಕ್ಕಳ ಕಾಯ್ದೆಯಲ್ಲಿ ಹುಟ್ಟುವ ತನಕ ಅಂಥ ಆದೇಶ ಕೊಡಲು ಬರುವುದಿಲ್ಲ. ಸಮಾಜ ಕಾರ್ಯಕರ್ತರು, ಹೆರಿಗೆ ನರ್ಸು, ಪೊಲೀಸರು ಮೊದಲೇ ಸಭೆ ಸೇರುತ್ತಾರೆ. ತಾಯಿ ತಂದೆಯನ್ನೂ ಕರೆಯುತ್ತಾರೆ. ಹುಟ್ಟಿದ ದಿನ ಯಾರು ಏನು ಮಾಡಬೇಕು ಅಂತ ಬರೆದಿಡುತ್ತಾರೆ. ಇದಕ್ಕೆ ಒಂದು ಪ್ಯಾರಾ ಜಾಸ್ತಿಯೇ ಆಯಿತು.

ನಿಮ್ಮ ಬರಹ ನಿಜವಾಗಿ ಶುರುವಾಗೋದು ಆರನೇ ಪುಟದ ಕೊನೆಗೆ. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಕೊಡುವ ಮಾತೃಪೂರ್ಣ ಊಟಕ್ಕೆ ದಿನಾ ಬರುತ್ತಿದ್ದ ಹುಡುಗಿ. ಅನ್ನ ಸಾರು ಉಂಡು, ಮೊಟ್ಟೆ ಮಾತ್ರ ಉಡಿಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು. ಇಲ್ಲೇ ತಿನ್ನು ಅಂದರೆ ನಗುತ್ತಿದ್ದಳು. ಆಮೇಲೆ ಒಂಬತ್ತು ದಿನ ಪತ್ತೆಯೇ ಇಲ್ಲ. ನೀವು ಮನೆಗೆ ಹೋದಿರಿ. ಅತ್ತೆ ಹೊಸ್ತಿಲಲ್ಲೇ ನಿಂತು ಎಲ್ಲಕ್ಕೂ ತಾನೇ ಉತ್ತರ ಕೊಟ್ಟಳು. ನೀವು ಕುಡಿಯಲು ನೀರು ಕೇಳಿದಿರಿ. ಅವಳು ಒಳಗೆ ಹೋದ ಆ ಒಂದು ನಿಮಿಷದಲ್ಲಿ "ಉಂಡೀಯೇನವ್ವಾ?" ಎಂದಿರಿ. ಹುಡುಗಿ ಮಾತಾಡಲಿಲ್ಲ. ಗೋಡೆಯ ಗೂಡಿನ ಕಡೆ ನೋಡಿದಳು. ಅಲ್ಲಿ ಕಬ್ಬಿಣಾಂಶದ ಗುಳಿಗೆ ಪಟ್ಟಿಗಳು ಹಾಗೇ ಬಿದ್ದಿದ್ದವು, ಒಂದೂ ಒಡೆದಿರಲಿಲ್ಲ.

ಇಷ್ಟನ್ನು ಐದು ಸಾಲಲ್ಲಿ ಮುಗಿಸಿ, "ಸದರಿ ಫಲಾನುಭವಿಯು" ಎಂದು ಮತ್ತೆ ಕಚೇರಿಗೆ ಓಡಿದ್ದೀರಿ! ಆ ನೀರಿನ ತಂಬಿಗೆಗೇ ಎರಡು ಪುಟ ಕೊಡಿ. ನೀರು ಕೇಳಿದ್ದು ಬಾಯಾರಿಕೆಗೋ, ಬೇಕಂತಲೋ? ಮೊಟ್ಟೆ ಯಾರಿಗೆ ಒಯ್ಯುತ್ತಿದ್ದಳು? ಅತ್ತೆ ತಂಬಿಗೆ ಹಿಡಿದು ಬಂದ ಮೇಲೆ ಏನು ಮಾತಾಯಿತು? "ತಾಯಿ ಕಾರ್ಡಿನಲ್ಲಿ ತೂಕಕ್ಕೆ ಜಾಗ ಇದೆ, ಬಿಪಿಗೆ ಇದೆ, ರಕ್ತಕ್ಕೆ ಇದೆ, ಮನೆಯಲ್ಲಿ ಹೊಡೀತಾರಾ ಅನ್ನೋದಕ್ಕೆ ಇಲ್ಲ" ಅಂತ ಒಂದು ಸಾಲು ಬರೆದಿದ್ದೀರಿ. ಹನ್ನೊಂದು ಪುಟದಲ್ಲಿ ನಾನು ಗೆರೆ ಎಳೆದುಕೊಂಡ ಸಾಲು ಅದೊಂದೇ.

ಎಂಟನೇ ಪುಟದ ಪಟ್ಟಿಯ ಬಗ್ಗೆ ನನಗೆ ತಕರಾರಿದೆ. ಅಪಾಯದ ತಾಯಂದಿರು ಅಂತ ಬಡವರು, ಗುಳೆ ಹೋಗುವವರು, ದೇವದಾಸಿಯರ ಹೆಣ್ಣುಮಕ್ಕಳು ಎಂದೆಲ್ಲ ಹಾಕಿದ್ದೀರಿ. ಗುಳೆ ಹೋಗೋದೇ ಅಪಾಯ ಅಂದರೆ ನಮ್ಮ ಕಡೆ ಎಷ್ಟು ಮನೆ ಉಳಿದಾವು? ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ 1982ರಲ್ಲೇ ಬಂತು, ಹಣೆಪಟ್ಟಿ ಇನ್ನೂ ಹೋಗಿಲ್ಲ. ನೀವೂ ಒಂದು ಅಂಟಿಸಬೇಡಿ. ಆ ಮನೆಯಲ್ಲಿ ನೀವು ಕಂಡದ್ದು ಬಡತನ ಅಲ್ಲ. ಬಸುರಿಯನ್ನು ಊಟಕ್ಕೆ ಬಿಡಲಿಲ್ಲ, ಮಾತಾಡಲು ಬಿಡಲಿಲ್ಲ, ಅದನ್ನು. ಯಾರು ಏನು ಮಾಡಿದರು ಅಂತ ಬರೆದರೆ ಪಟ್ಟಿಯೇ ಬೇಕಾಗಿಲ್ಲ.

ಗುಳೆಯ ಬಗ್ಗೆ ಬರೆಯಬೇಕಾದದ್ದು ಬೇರೆಯೇ ಇದೆ. ಏಳನೇ ತಿಂಗಳಿಗೆ ಕುಬಸ ಮಾಡಿ ತವರಿಗೆ ಕರೆದೊಯ್ಯುತ್ತಾರೆ. ಹೆರಿಗೆ ಅಲ್ಲಿ. ಮೂರೋ ಐದೋ ತಿಂಗಳಿಗೆ ಕೂಸು ಎತ್ತಿಕೊಂಡು ಅದೇ ಗಂಡನ ಮನೆಗೆ ವಾಪಸ್ಸು. ಅಲ್ಲಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ನೀವು ಇಲ್ಲಿ ನೋಡಿದ್ದು ತವರಿನ ಆಶಾ ಕಾರ್ಯಕರ್ತೆಗೆ ಗೊತ್ತಾಗುತ್ತದೆಯೇ? ಕಾಗದ ಒಂದೂರಲ್ಲಿ, ಕೂಸು ಇನ್ನೊಂದೂರಲ್ಲಿ. ಇದನ್ನು ಒಳಗಿನಿಂದ ಬಲ್ಲವರು ನೀವು. ಆದರೂ ಲೇಖನದಲ್ಲಿ ಒಂದಕ್ಷರ ಇಲ್ಲ.

ಇನ್ನು ವಯಸ್ಸು. "ಚಿಕ್ಕ ವಯಸ್ಸಿನ ಗರ್ಭಿಣಿ" ಎಂದು ಜಾರಿಕೊಂಡಿದ್ದೀರಿ. ಅವಳಿಗೆ 18 ತುಂಬಿಲ್ಲ ಅನ್ನೋದು ಹತ್ತನೇ ಪುಟದಲ್ಲಿ ನಿಮ್ಮ ಕೈತಪ್ಪಿ ಹೊರಗೆ ಬಿದ್ದಿದೆ. ಹಾಗಾದರೆ ಆ ಮನೆಯಲ್ಲಿ ಕಾಯಬೇಕಾದ ಮಕ್ಕಳು ಎರಡು, ಅಲ್ವಾ? ನಮ್ಮ ರಾಜ್ಯದ ತಿದ್ದುಪಡಿ ಬಂದ ಮೇಲೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 18 ತುಂಬದ ಹೆಂಡತಿಯನ್ನು ಗಂಡ ಕೂಡಿದರೂ ಅದು ಅತ್ಯಾಚಾರವೇ, ಮದುವೆಯಾಗಿದೆ ಅನ್ನೋ ನೆಪ ನಡೆಯುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕೇಸು ಬೀಳುತ್ತದೆ ಅಂತ ಇಂಥ ಮನೆಯವರು ವಯಸ್ಸು ಮುಚ್ಚಿಡುತ್ತಾರೆ, ಹುಡುಗಿಯನ್ನು ಆಸ್ಪತ್ರೆಯಿಂದಲೇ ದೂರ ಇಡುತ್ತಾರೆ. ಆ ಇಕ್ಕಟ್ಟನ್ನು ಬರೆಯಿರಿ. ನಿಮ್ಮ ಹೆದರಿಕೆಯನ್ನೂ ಬರೆಯಿರಿ. ಅದೇ ಊರಲ್ಲಿ ನಾಳೆಯೂ ಅಂಗನವಾಡಿ ಬಾಗಿಲು ತೆಗೆಯುವವರು ನೀವು.

ಊರ ಹೆಸರು, ಗುಡಿಯ ಹಿಂದಿನ ಮನೆ, ಗಂಡನ ಆಟೋದ ಬಣ್ಣ, ಎಲ್ಲ ಹೊಡೆದು ಹಾಕಿದ್ದೇನೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅವಳ ಗುರುತು ಸಿಗುವಂಥದ್ದು ಏನನ್ನೂ ಅಚ್ಚು ಹಾಕುವಂತಿಲ್ಲ. ಕೇಸಿನ ಮಾತು ಬಿಡಿ, ಆ ಅತ್ತೆಯ ಕೈಗೇ ಪತ್ರಿಕೆ ಸಿಕ್ಕರೆ?

ಕೊನೆಗೆ, ಲೇಖನಕ್ಕೆ ಸಂಬಂಧವಿಲ್ಲದ ಒಂದು ಮಾತು. ಅವಳಿಗೆ ಏಳನೇ ತಿಂಗಳು ಎಂದು ಬರೆದಿದ್ದೀರಿ. ಲಕೋಟೆಯ ಮೇಲಿನ ತಾರೀಖು ನೋಡಿದರೆ ಈಗ ಎಂಟು. ನೀವು ಯಾರಿಗಾದರೂ ತಿಳಿಸಿದಿರಾ ಅನ್ನೋದು ಎಲ್ಲೂ ಇಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಕೌಟುಂಬಿಕ ಹಿಂಸೆಯ ದೂರು ಕೇಳುವ ಸಂರಕ್ಷಣಾಧಿಕಾರಿ ನಿಮ್ಮ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅವರೇ. ಇಂಥದ್ದು ಗೊತ್ತಿದ್ದವರೆಲ್ಲ ತಿಳಿಸಬೇಕು ಅನ್ನುತ್ತದೆ ಪೋಕ್ಸೋದ 19ನೇ ಸೆಕ್ಷನ್. ಓದಿದ ಮೇಲೆ ನನಗೂ ಗೊತ್ತಾಯಿತಲ್ಲ. ಲೇಖನ ಮುಂದಿನ ತಿಂಗಳು ಬಂದರೂ ನಡೆಯುತ್ತದೆ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ. ಇನ್ನೂ ತಿಳಿಸಿಲ್ಲ ಅಂದರೆ ಇಬ್ಬರೂ ಸೇರಿಯೇ ಮಕ್ಕಳ ಸಹಾಯವಾಣಿ 1098ಕ್ಕೆ ಮಾಡೋಣ.